ಅಂಬಿಗನ ಮಗಳ ನೀರುವಿಮಾನ

ಕೃಷ್ಣಾ ಹೊಳೆಯ ಹಿನ್ನೀರಿನ ದಂಡೆಯಲ್ಲಿ ತೆಪ್ಪದಹಾಳ ಎಂಬ ಊರು. ಆ ಊರಲ್ಲಿ ದುರಗಪ್ಪ ಎಂಬ ಅಂಬಿಗನಿದ್ದ. ಅವನ ತಂದೆ, ತಂದೆಯ ತಂದೆ, ಎಲ್ಲರೂ ಜನರನ್ನು ಹೊಳೆ ದಾಟಿಸಿಯೇ ಅನ್ನ ಉಂಡವರು. ದುರಗಪ್ಪನೂ ಹಾಗೆಯೇ ಉಂಡ. ಆಮೇಲೆ ಹೊಳೆಗೆ ಸೇತುವೆ ಬಂತು. ಜನ ಬಸ್ಸಿನಲ್ಲಿ ದಾಟತೊಡಗಿದರು. ದುರಗಪ್ಪ ಮೀನು ಹಿಡಿಯುತ್ತ, ಬೇರೆಯವರ ದೋಣಿ ದುರಸ್ತಿ ಮಾಡುತ್ತ ಕಾಲ ಕಳೆದ. ಯಾರನ್ನೂ ಬೈಯಲಿಲ್ಲ. ದಿನಾ ಬೆಳಿಗ್ಗೆ ನೀರಿಗಿಳಿದು ಗಂಗವ್ವ ತಾಯಿಗೆ ಕೈಮುಗಿಯುವುದನ್ನು ಮಾತ್ರ ಬಿಡಲಿಲ್ಲ.

ಅವನಿಗೂ ಅವನ ಹೆಂಡತಿ ಫಕೀರವ್ವನಿಗೂ ಒಬ್ಬಳೇ ಮಗಳು. ಹೆಸರು ಹುಲಿಗೆಮ್ಮ. ಅವಳು ಓದಿ, ವಿದ್ಯಾರ್ಥಿವೇತನ ಪಡೆದು, ವಿಮಾನ ನಡೆಸುವುದನ್ನು ಕಲಿತಳು. ಕಲಿತ ಶಾಲೆಯಲ್ಲೇ ಕೆಲವು ವರ್ಷ ಬೇರೆಯವರಿಗೂ ಕಲಿಸಿದಳು. ದುಡಿದದ್ದನ್ನು ಸೀರೆಗೂ ಬಂಗಾರಕ್ಕೂ ಹಾಕಲಿಲ್ಲ. ಒಂದು ದಿನ ಊರೊಳಗೆ ಲಾರಿಯೊಂದು ಬಂತು. ಲಾರಿಯ ತುಂಬ ಕಟ್ಟಿಗೆಯ ದೊಡ್ಡ ಪೆಟ್ಟಿಗೆಗಳು. ಪೆಟ್ಟಿಗೆಗಳ ಮೇಲೆ ಹುಲಿಗೆಮ್ಮ.

ಒಳಗೆ ಏನಿತ್ತು ಅಂತೀರಾ? ಒಂದು ವಿಮಾನ. ಆದರೆ ಬಿಡಿಬಿಡಿಯಾಗಿ. ಕೊಳವೆಗಳು, ರೆಕ್ಕೆಗೆ ಹೊದಿಸುವ ಬಟ್ಟೆ, ತಂತಿ, ಬೋಲ್ಟು, ಸಣ್ಣದೊಂದು ಎಂಜಿನ್ನು, ಗಾಲಿಗಳು, ದೋಣಿಯಂಥ ಹೊಟ್ಟೆಯ ಎರಡು ಹೋಳು. ಕೊಂಡವರೇ ಕೂತು ಜೋಡಿಸಿಕೊಳ್ಳಬೇಕು. ಜೋಡಿಸಿದರೆ ಇಬ್ಬರು ಕೂಡುವಷ್ಟು ವಿಮಾನ ಆಗುತ್ತದೆ. ನೆಲದ ಮೇಲೆ ಗಾಲಿಯಿಂದ ಓಡುತ್ತದೆ, ನೀರಿನ ಮೇಲೆ ದೋಣಿಯಂತೆ ತೇಲುತ್ತದೆ, ಎರಡು ಕಡೆಯಿಂದಲೂ ಮೇಲೆ ಏಳುತ್ತದೆ.

ಇದು ನಮಗೆ ಯಾತಕ್ಕೆ ಎಂದು ದುರಗಪ್ಪ ಕೇಳಿದ. ಹುಲಿಗೆಮ್ಮ ಅವನ ಪಕ್ಕದಲ್ಲೇ ಕೂತು ಹೇಳಿದಳು:

“ಅಪ್ಪಾ, ನಮ್ಮದು ದಾಟಸೂ ಮನೆತನ. ಮಳಿಗಾಲದಾಗ ಹೊಳಿ ತುಂಬಿದ್ರ ನಡುಗಡ್ಡಿ ಮಂದಿಗೆ ದೋಣಿನೂ ನಡಿಯೂದಿಲ್ಲ, ಸೇತುವಿನೂ ಇಲ್ಲ. ಅವರಿಗೆ ಔಷಧನಾದ್ರೂ ಮುಟ್ಟಬೇಕಲ್ಲ.”

ದುರಗಪ್ಪನ ಎದೆಯಲ್ಲಿ ಹೆಮ್ಮೆ ತುಂಬಿತು. ಅದರ ಬೆನ್ನಿಗೇ ಅಂಜಿಕೆಯೂ ತುಂಬಿತು. ಹೆಮ್ಮೆಯನ್ನು ಮಗಳಿಗೆ ತೋರಿಸಿದ. ಅಂಜಿಕೆಯನ್ನು ಬಚ್ಚಿಟ್ಟ.

ದಂಡೆಯ ಮೇಲಿದ್ದ ಹಳೆಯ ದೋಣಿ ಕೊಟ್ಟಿಗೆಯಲ್ಲಿ ಕೆಲಸ ಸುರುವಾಯಿತು. ಪಂಪಸೆಟ್ಟು ದುರಸ್ತಿ ಮಾಡುವ ಮೌಲಾಸಾಬ ಎಂಜಿನ್ನಿನ ಕಡೆ ನಿಂತ. ರೆಕ್ಕೆಯ ಕಡೆ ಹುಲಿಗೆಮ್ಮ. ಬಟ್ಟೆ ಎಳೆದು ಹಿಡಿಯುವುದಕ್ಕೆ ಫಕೀರವ್ವ. ಹೊಟ್ಟೆಯ ಕೆಲಸ ದುರಗಪ್ಪನದು. ನೀರು ಮುಟ್ಟುವ ತಳ ಅಂಬಿಗನಿಗಲ್ಲದೆ ಮತ್ತಾರಿಗೆ ತಿಳಿದೀತು? ಎರಡು ಹೋಳು ಕೂಡಿಸಿ, ಒಳಗಡೆ ಫೈಬರ್ ಬಟ್ಟೆ ಹಾಸಿ, ಅಂಟು ಬಳಿಯಬೇಕು. ಇಂತಿಷ್ಟೇ ಪದರ, ಹೆಚ್ಚು ಬೇಡ ಎಂದು ಪೆಟ್ಟಿಗೆಯ ಸಂಗಡ ಬಂದ ಪುಸ್ತಕದಲ್ಲಿತ್ತು. ದುರಗಪ್ಪ ಹಾಗೆಯೇ ಮಾಡಿದ. ಹುಲಿಗೆಮ್ಮ ತೂಗಿ ನೋಡಿದಳು. ಸರಿಯಾಗಿತ್ತು. ಅಪ್ಪನ ಕೈ ಅಂದರೆ ಕೈ ಎಂದು ಎಲ್ಲರ ಮುಂದೆ ಹೊಗಳಿದಳು.

ಆಮೇಲೆ ಅವಳು ಸರ್ಕಾರದ ಪರವಾನಗಿಗೆಂದು ಮೇಲಿಂದ ಮೇಲೆ ಪರವೂರಿಗೆ ಹೋಗಬೇಕಾಯಿತು. ಹೋದಾಗೆಲ್ಲ ಕೊಟ್ಟಿಗೆಯಲ್ಲಿ ದುರಗಪ್ಪ ಒಬ್ಬನೇ ಉಳಿಯುತ್ತಿದ್ದ.

ಮಕ್ಕಳೇ, ಇಲ್ಲಿ ಅಂಬಿಗರ ಒಂದು ರೂಢಿ ಹೇಳಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಅವರು ಹರಿಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಾರೆ. ಹಳೆಯದನ್ನು ಕೆರೆಯುವುದಿಲ್ಲ. ಹಳೆಯದರ ಮೇಲೆಯೇ ಹೊಸದು. ವರ್ಷ ಕಳೆದಂತೆ ಹರಿಗೋಲು ಭಾರವಾಗುತ್ತದೆ. ಭಾರವಾದಷ್ಟೂ ಅಂಬಿಗನಿಗೆ ಧೈರ್ಯ. ಭಾರದ ಹರಿಗೋಲಿಗೆ ಸುಳಿಯೂ ದಾರಿ ಬಿಡುತ್ತದೆ ಎಂದು ದುರಗಪ್ಪನ ತಂದೆ ಹೇಳುತ್ತಿದ್ದ.

ಒಂದು ಬೆಳಿಗ್ಗೆ ದುರಗಪ್ಪನ ಎಡಗಣ್ಣು ಅದುರಿತು. ಗಂಡಸಿಗೆ ಎಡಗಣ್ಣು ಅದುರಬಾರದು ಎನ್ನುತ್ತಾರೆ. ಅವನು ಕೊಟ್ಟಿಗೆಗೆ ಹೋಗಿ, ಹೊಟ್ಟೆಯೊಳಗೆ ಬಗ್ಗಿ, ಇನ್ನೊಂದು ಪದರ ಬಟ್ಟೆ ಹಾಸಿ ಅಂಟು ಬಳಿದ. ಎದೆ ಹಗುರಾಯಿತು.

ಮತ್ತೊಂದು ದಿನ ಸಂತೆಯಲ್ಲಿ ಯಾರೋ, ಎಲ್ಲೋ ಒಂದು ವಿಮಾನ ಬಿತ್ತಂತೆ ಎಂದರು. ಎಲ್ಲಿ, ಏಕೆ ಎಂದು ಅವನು ಕೇಳಲಿಲ್ಲ. ಬಂದು ಇನ್ನೊಂದು ಪದರ ಹಾಕಿದ. ಹದ್ದೊಂದು ಗಾಳಿಗೆ ಓಲಾಡಿದ್ದು ಕಂಡ, ಒಂದು ಪದರ. ಕನಸಿನಲ್ಲಿ ಮಗಳು ಕೂಗಿದಂತಾಯಿತು, ಮತ್ತೊಂದು. ಆಕಾಶ ಅವನಿಗೆ ಗೊತ್ತಿರಲಿಲ್ಲ, ತಳ ಗೊತ್ತಿತ್ತು. ಗೊತ್ತಿಲ್ಲದ ಅಂಜಿಕೆಗೆಲ್ಲ ಗೊತ್ತಿದ್ದ ಔಷಧವನ್ನೇ ಹಚ್ಚಿದ. ಮೇಲೆ ನುಣ್ಣಗೆ ಉಜ್ಜಿ ಬಣ್ಣ ಬಳಿದು ಹಲಗೆ ಮುಚ್ಚಿದ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಹುಲಿಗೆಮ್ಮ ಪರವಾನಗಿ ಹಿಡಿದು ಬಂದಳು. ಕೊನೆಗೊಮ್ಮೆ ಎಲ್ಲವನ್ನೂ ತೂಗುವುದು ಕ್ರಮ. ರೆಕ್ಕೆ ತೂಗಿದಳು, ಎಂಜಿನ್ನು ತೂಗಿದಳು. ಹೊಟ್ಟೆಯನ್ನು ಮಾತ್ರ ಮತ್ತೆ ತೂಗಲಿಲ್ಲ. ಒಮ್ಮೆ ತೂಗಿ ಹೊಗಳಿದ ಅಪ್ಪನ ಕೆಲಸವನ್ನು ಮತ್ತೆ ತೂಗಿದರೆ ಅವನ ಮನಸ್ಸು ನೊಂದೀತು ಎಂದುಕೊಂಡು ಹಳೆಯ ತೂಕವನ್ನೇ ಹಿಡಿದಳು. ಹಿರಿಯರ ಕೆಲಸ ತೂಗಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೂ ನಾವು ಹಾಗೆ ಮಾಡುತ್ತೇವೆ.

ಒಳ್ಳೆಯ ದಿನ ನೋಡಿ ವಿಮಾನವನ್ನು ನೀರಿಗೆ ಇಳಿಸಿದರು. ಫಕೀರವ್ವ ಮಗಳಿಗೆ ತುಂಬಿದಂತೆ ಅದಕ್ಕೂ ಉಡಿ ತುಂಬಿದಳು. ಅಕ್ಕಿ, ಅಡಿಕೆ, ಬಟ್ಟಲು ಕೊಬ್ಬರಿ, ಹಸಿರು ಕುಪ್ಪಸದ ಕಣ. ಪೂಜೆ ಮುಗಿದ ಮೇಲೆ ತಾನೇ ಅವನ್ನೆಲ್ಲ ತೆಗೆದು ಅಕ್ಕಿಯನ್ನು ಹೊಳೆಗೆ ಬಿಟ್ಟಳು. ಊರವರು ದಂಡೆಯ ಮೇಲೆ ನಿಂತಿದ್ದರು. ಹುಲಿಗೆಮ್ಮ ಜಾಕೀಟು ತೊಟ್ಟಳು. ನೀರಿಗೆ ಬಿದ್ದರೂ ಮುಳುಗದಂತೆ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ಅದು. ಒಬ್ಬಳೇ ಹತ್ತಿ ಕೂತು ಎಂಜಿನ್ನು ಸುರು ಮಾಡಿದಳು.

ವಿಮಾನ ಓಡಿತು. ಚೆಂದವಾಗಿಯೇ ಓಡಿತು. ಎರಡೂ ಬದಿಗೆ ನೀರು ಚಿಮ್ಮಿತು. ಈ ಕಡೆಯಿಂದ ಆ ಕಡೆಯವರೆಗೆ ಓಡಿತು, ಆದರೆ ಏಳಲಿಲ್ಲ. ತಿರುಗಿಸಿ ಗಾಳಿಗೆ ಎದುರಾಗಿ ಓಡಿಸಿದಳು. ಆಗಲೂ ಏಳಲಿಲ್ಲ. ನೀರು ಅದನ್ನು ಬಿಡಲೇ ಇಲ್ಲ.

ಮೌಲಾಸಾಬ ಎಂಜಿನ್ನು ಬಿಚ್ಚಿ ನೋಡಿದ. ಅದರಲ್ಲಿ ದೋಷವಿರಲಿಲ್ಲ. ರೆಕ್ಕೆ ಸರಿಯಿತ್ತು. ಮತ್ತೆ ಓಡಿಸಿದರು, ಮತ್ತೆ ಅದೇ. ಊರವರಿಗೆ ಮಾತಾಡಲು ಒಂದು ಸಂಗತಿ ಸಿಕ್ಕಿತು. ದುರಗಪ್ಪನ ಮನೆಯಲ್ಲಿ ಬಾತುಕೋಳಿ ಸಾಕಿದ್ದಾರೆ, ಈಜುವುದು ಬರುತ್ತದೆ, ನಡೆಯುವುದು ಬರುತ್ತದೆ, ಹಾರುವುದೊಂದನ್ನು ಕಲಿಸಲು ಮರೆತಿದ್ದಾರೆ ಎಂದು ಚಹಾದ ಅಂಗಡಿಯಲ್ಲಿ ನಕ್ಕರು. ನಗುವವರಿಗೆ ಏನು, ನಕ್ಕು ಚಹಾ ಕುಡಿದು ಮನೆಗೆ ಹೋಗುತ್ತಾರೆ.

ಹುಲಿಗೆಮ್ಮ ಆ ನಗುವಿಗೆ ಹೆದರಲಿಲ್ಲ. ಅವಳನ್ನು ತಿಂದದ್ದು ಬೇರೆ. ತಾನು ಕಲಿತದ್ದು, ಕಲಿಸಿದ್ದು ಎಲ್ಲ ನೆಲದ ಮೇಲಿನ ವಿಮಾನ. ನೀರಿನ ಮೇಲಿಂದ ಎಬ್ಬಿಸುವ ಕೈ ತನಗಿಲ್ಲವೇನೋ ಎಂಬ ಅನುಮಾನ ಅವಳಿಗೆ ಹತ್ತಿತು. ಗಾಲಿಯ ಮೇಲೆ ಓಡಿಸಿ ಎಬ್ಬಿಸಿ ನೋಡಲು ಊರಲ್ಲಿ ಅಷ್ಟು ಉದ್ದದ ಬಯಲಿರಲಿಲ್ಲ. ಉಣ್ಣಲು ಕೂತವಳು ತನ್ನ ಅಂಗೈಯನ್ನೇ ನೋಡುತ್ತ ಕೂತಿರುತ್ತಿದ್ದಳು. ಇನ್ನೊಮ್ಮೆ ನೋಡುತ್ತೇನೆ, ಆಗದಿದ್ದರೆ ಇದನ್ನು ಮಾರಿ ಶಾಲೆಗೆ ಹಿಂದಿರುಗುತ್ತೇನೆ ಎಂದು ತಾಯಿಗೆ ಹೇಳಿದಳು.

ದುರಗಪ್ಪ ಎಲ್ಲವನ್ನೂ ನೋಡುತ್ತಿದ್ದ. ಕಾರಣ ಅವನಿಗೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಪುಸ್ತಕದಲ್ಲಿ ಹೆಚ್ಚು ಬೇಡ ಎಂದು ಏಕೆ ಬರೆದಿದ್ದರು ಎಂಬುದು ನೀರು ಬಿಡದಿದ್ದಾಗಲೇ ಅವನಿಗೆ ಹೊಳೆದಿತ್ತು. ಆದರೂ ಬಾಯಿ ಬಿಡಲಿಲ್ಲ. ವಿಮಾನ ಏಳದಿದ್ದರೆ ಏನಾಯಿತು? ಮಗಳು ನೆಲದ ಮೇಲೆ ಇರುತ್ತಾಳೆ. ಕಣ್ಣ ಮುಂದೆ ಇರುತ್ತಾಳೆ. ನನ್ನ ಮೊರೆ ತಾಯಿಗೆ ಮುಟ್ಟಿತು ಎಂದುಕೊಂಡ.

ಸಂಜೆ ದಂಡೆಯ ಮೇಲಿನ ಗಂಗವ್ವನ ಕಲ್ಲಿಗೆ ಕರ್ಪೂರ ಹಚ್ಚಲು ಹೋದ. ಹಚ್ಚಿದ. ಕೈಮುಗಿದ. ಆದರೆ ಏನೆಂದು ಬೇಡಿಕೊಳ್ಳುವುದು? ಮಗಳು ಸೋತಳು, ಬಹಳ ಒಳ್ಳೆಯದಾಯಿತು ತಾಯೇ ಎನ್ನುವುದೇ? ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ. ಕರ್ಪೂರ ಉರಿದು ಹೋಯಿತು. ದೇವರ ಮುಂದೆ ಬಾಯಿಬಿಟ್ಟು ಹೇಳಲಾಗದ ಸಂತೋಷ ಸಂತೋಷವಲ್ಲ, ಮಕ್ಕಳೇ. ಇದು ದುರಗಪ್ಪನಿಗೂ ತಿಳಿಯಿತು. ತಿಳಿದರೂ ಮನೆಗೆ ಹೋಗಿ ಸುಮ್ಮನೆ ಮಲಗಿದ. ತಿಳಿಯುವುದಕ್ಕೂ ಹೇಳುವುದಕ್ಕೂ ನಡುವೆ ದೊಡ್ಡ ಹೊಳೆ ಇರುತ್ತದೆ. ಅದನ್ನು ದಾಟಿಸಲು ತಾನಲ್ಲದೆ ಬೇರೆ ಅಂಬಿಗನಿಲ್ಲ.

ಬೆಳಗಾಯಿತು. ದುರಗಪ್ಪ ದಂಡೆಗೆ ಬಂದಾಗ ಹುಲಿಗೆಮ್ಮ ಮೊದಲೇ ಬಂದಿದ್ದಳು. ವಿಮಾನದೊಳಗಿನ ಸಾಮಾನನ್ನು ಒಂದೊಂದಾಗಿ ತೆಗೆದು ಹೊರಗೆ ಇಡುತ್ತಿದ್ದಳು. ಲಂಗರು ತೆಗೆದಳು. ಎಂಜಿನ್ನು ನಿಂತರೆ ಇರಲಿ ಎಂದು ಇಟ್ಟಿದ್ದ ಹುಟ್ಟು ತೆಗೆದಳು. ದಂಡೆಯವರೊಡನೆ ಮಾತಾಡುವ ವೈರ್‌ಲೆಸ್ಸು ತೆಗೆದಳು. ಕೊನೆಗೆ ಮೈಮೇಲಿನ ಕಿತ್ತಳೆ ಜಾಕೀಟು ಕಳಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿದಳು.

ಮೌಲಾಸಾಬನಿಗೆ ಇದು ಹಿಡಿಸಲಿಲ್ಲ. ಅಕ್ಕಾ, ಜಾಕೀಟು ಎಷ್ಟು ಭಾರ ಇದ್ದೀತು, ತೊಟ್ಟುಕೋ ಎಂದ. ಅವಳು ಕೇಳಲಿಲ್ಲ. ಎಷ್ಟಾದರೂ ಆಗಲಿ, ಇವತ್ತು ಒಂದು ಎಳೆಯಷ್ಟೂ ಹೆಚ್ಚಿನ ಭಾರ ಇರಬಾರದು ಎಂದಳು.

ದುರಗಪ್ಪ ಆ ಜಾಕೀಟನ್ನು ಕೈಯಲ್ಲಿ ಎತ್ತಿಕೊಂಡ. ಹಗುರಾಗಿತ್ತು.

“ಇದನ್ನ ಯಾಕ ತಗದಿ, ಹುಲಿಗಿ?”

“ಭಾರ ಅಪ್ಪಾ.”

“ಇದು ಇದ್ರ ಮುಳುಗೂದಿಲ್ಲಲ್ಲ.”

“ಮುಳುಗೂದು ಆಮ್ಯಾಲಿನ ಮಾತು. ಮೊದಲ ಏಳಬೇಕಲ್ಲ.”

ಅವಳು ಹತ್ತಿ ಕೂತಳು. ಎಂಜಿನ್ನಿನ ಕೀಲಿಗೆ ಕೈ ಹಾಕಿದಳು.

ಆಗ ದುರಗಪ್ಪನಿಗೆ ತಾನು ಮಾಡಿದ್ದು ಪೂರ್ತಿ ಕಾಣಿಸಿತು. ಮಗಳನ್ನು ಕಾಯಲೆಂದು ಅವನು ಬಚ್ಚಿಟ್ಟ ಭಾರ, ಅವಳನ್ನು ನಿಜವಾಗಿ ಕಾಯುತ್ತಿದ್ದ ಒಂದೊಂದನ್ನೂ ಹೊರಗೆ ಎಸೆಯುತ್ತಿತ್ತು. ಅವನು ಧೋತರ ಎತ್ತಿಕಟ್ಟಲಿಲ್ಲ. ಹಾಗೆಯೇ ನೀರಿಗೆ ಇಳಿದು, ಎದೆಮಟ್ಟ ನೀರಿನಲ್ಲಿ ನಡೆದು, ವಿಮಾನದ ಮೂತಿಗೆ ಎರಡೂ ಕೈ ಹಚ್ಚಿ ನಿಂತ.

“ನಿನ್ನ ಕೈಯಾಗ ತಪ್ಪಿಲ್ಲವ್ವಾ. ತಪ್ಪು ತಳದಾಗ ಐತಿ. ನಾ ಹಾಕೀನಿ.”

ಹುಲಿಗೆಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಎಡಗಣ್ಣು, ಸಂತೆಯ ಮಾತು, ಹದ್ದು, ಕನಸು. ಅವಳು ಕಾಲ ಬಳಿಯ ಹಲಗೆ ಎತ್ತಿ, ಬೆರಳ ಗೆಣ್ಣಿನಿಂದ ತಳವನ್ನು ಬಡಿದು ನೋಡಿದಳು. ಡೋಲಿನಂತೆ ಟಣ್ಣೆನ್ನಬೇಕಾದದ್ದು ಬಂಡೆಯಂತೆ ಮೂಕವಾಗಿತ್ತು.

“ಎಷ್ಟ ಪದರ ಹಾಕೀದಿ?”

“ಲೆಕ್ಕ ಇಟ್ಟಿಲ್ಲ. ಅಂಜಿಕಿ ಬಂದಾಗೆಲ್ಲ ಒಂದು.”

ಮೌಲಾಸಾಬನಿಗೆ ಸುಮ್ಮನಿದ್ದು ರೂಢಿಯಿಲ್ಲ. ಕಾಕಾ, ಹಾಗಾದರೆ ಇದು ವಿಮಾನವಲ್ಲ, ಚಳಿಗೆ ಹೆದರಿ ಮನೆಯ ಕೌದಿಯನ್ನೆಲ್ಲ ಹೊದ್ದುಕೊಂಡ ಮುದುಕಿ ಎಂದ. ದಂಡೆಯ ಮೇಲಿದ್ದ ಫಕೀರವ್ವ ಅವನನ್ನು ದುರುಗುಟ್ಟಿ ನೋಡಿದಳು. ಹುಲಿಗೆಮ್ಮ ನಗಲಿಲ್ಲ.

“ನಾ ನನ್ನ ಕೈನ ಅನುಮಾನ ಮಾಡಿದೆ ಅಪ್ಪಾ,” ಎಂದಳು. ಇಳಿದು ಮನೆಗೆ ಹೋದಳು.

ಬೈದಿದ್ದರೆ ದುರಗಪ್ಪ ತಾಳಿಕೊಳ್ಳುತ್ತಿದ್ದ. ಈ ಮಾತು ತಾಳಲಾಗಲಿಲ್ಲ. ಅವನು ವಿಮಾನವನ್ನು ಕೊಟ್ಟಿಗೆಗೆ ಎಳೆಸಿ, ಉಜ್ಜುವ ಕಾಗದ, ಉಳಿ ಹಿಡಿದು ಒಬ್ಬನೇ ಹೊಟ್ಟೆಯೊಳಗೆ ಕೂತ. ಬಳಿಯುವುದು ಸಣ್ಣ ಕೆಲಸ. ಕೆರೆಯುವುದು ದೊಡ್ಡ ಕೆಲಸ. ಅಂಬಿಗರಿಗೆ ಬಳಿದು ಗೊತ್ತು, ಕೆರೆದು ಗೊತ್ತಿಲ್ಲ. ಕೈಯಲ್ಲಿ ಬೊಕ್ಕೆ ಎದ್ದವು. ಬಿಳಿಯ ಧೂಳು ಮೀಸೆ ಹುಬ್ಬಿಗೆಲ್ಲ ಹತ್ತಿತು. ಒಂದೊಂದು ಪದರ ಕಿತ್ತು ಬರುವಾಗಲೂ ಅದನ್ನು ಯಾವತ್ತು, ಯಾವ ಅಂಜಿಕೆಗೆ ಹಾಕಿದ್ದು ಎಂದು ನೆನಪಾಗುತ್ತಿತ್ತು. ಇದು ಕನಸಿನದು. ಇದು ಹದ್ದಿನದು. ಆ ಹದ್ದು ಅವತ್ತು ಬಿದ್ದೇ ಇರಲಿಲ್ಲ ಎಂಬುದೂ ಈಗ ನೆನಪಾಯಿತು. ಗಾಳಿಗೆ ಓಲಾಡಿ, ರೆಕ್ಕೆ ಓರೆ ಮಾಡಿ, ತನ್ನ ಪಾಡಿಗೆ ಹೊಳೆಯಾಚೆ ಹೋಗಿತ್ತು. ಅದನ್ನು ಕೊನೆಯವರೆಗೂ ನೋಡುವ ಪುರಸೊತ್ತು ಅವನಿಗೆ ಅವತ್ತು ಇರಲಿಲ್ಲ.

ಹುಲಿಗೆಮ್ಮ ಅವತ್ತು ಮಾತಾಡಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಕೊಟ್ಟಿಗೆಗೆ ಬಂದಳು. ಏನೂ ಹೇಳದೆ ತನ್ನ ಓಢಣಿಯನ್ನು ಅಪ್ಪನ ಮೂಗು ಬಾಯಿ ಮುಚ್ಚುವಂತೆ ಬಿಗಿದು ಕಟ್ಟಿದಳು. ಧೂಳು ಒಳಗೆ ಹೋದರೆ ಕೆಮ್ಮು ಹಿಡಿಯುತ್ತದೆ, ಆಮೇಲೆ ಅವ್ವನ ಬೈಗುಳ ನಾನು ಕೇಳಬೇಕು ಎಂದಳು. ತಾನೂ ಒಂದು ಬಟ್ಟೆ ಕಟ್ಟಿಕೊಂಡು ಎದುರಿಗೆ ಕೂತಳು. ತಪ್ಪು ತನ್ನದೂ ಒಂದಿಷ್ಟು ಇದೆ, ತೂಗುವುದನ್ನು ಬಿಟ್ಟಿದ್ದು ತಾನೇ ಎಂದು ಮೆಲ್ಲಗೆ ಹೇಳಿದಳು. ದುರಗಪ್ಪ ತಲೆ ಎತ್ತಲಿಲ್ಲ. ಉಜ್ಜುತ್ತಲೇ ಇದ್ದ. ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಎಂದು ನಾವೂ ತಿಳಿಯೋಣ.

ಹಾಕಿದ್ದು ಒಂದೊಂದಾಗಿ ಕಿತ್ತು ಬಂತು. ಪುಸ್ತಕದಲ್ಲಿ ಹೇಳಿದ ಪದರದ ಮೇಲೆ ಇನ್ನು ಒಂದೇ ಒಂದು ಉಳಿಯಿತು. ಅಲ್ಲಿ ದುರಗಪ್ಪನ ಕೈ ನಿಂತಿತು. ಉಳಿ ಮುಂದಕ್ಕೆ ಹೋಗಲಿಲ್ಲ.

“ಇದೊಂದು ಇರಲೇನವ್ವಾ? ಒಂದ್ರಿಂದ ಏನ ಭಾರ ಆದೀತು?”

ಹುಲಿಗೆಮ್ಮ ತಾನೂ ಕೈ ನಿಲ್ಲಿಸಿದಳು. ಅಪ್ಪನ ಕೈಯಿಂದ ಉಳಿ ಕಸಿದುಕೊಳ್ಳಲಿಲ್ಲ.

“ಆ ಪುಸ್ತಕ ಬರದವ್ರಿಗೂ ಮಕ್ಕಳಿರತಾರ, ಅಪ್ಪಾ.”

ದುರಗಪ್ಪ ಪುಸ್ತಕದ ಮಾತನ್ನು ನೆನೆದ. ಇಷ್ಟು ಸಾಕು ಎಂದು ಬರೆದವನೂ ಒಬ್ಬ ತಂದೆ ಇರಬೇಕು, ಅವನಿಗೂ ಇನ್ನೊಂದು ಪದರದ ಆಸೆ ಆಗಿರಬೇಕು, ಆಸೆಯನ್ನು ನುಂಗಿ ಸಾಕು ಎಂದು ಬರೆದಿರಬೇಕು. ಅವನು ಉಳಿ ಎತ್ತಿಕೊಂಡ. ಕೊನೆಯದನ್ನೂ ತೆಗೆದ. ಈ ಸಲ ಹೊಟ್ಟೆಯನ್ನು ತೂಗುವಂತೆ ತಾನೇ ಮಗಳಿಗೆ ಹೇಳಿದ. ತಕ್ಕಡಿಯ ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು. ಬಡಿದು ನೋಡಿದರು, ಟಣ್ಣೆಂದಿತು.

ಮತ್ತೆ ನೀರಿಗೆ ಇಳಿಸಿದರು. ಲಂಗರು, ಹುಟ್ಟು, ವೈರ್‌ಲೆಸ್ಸು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದವು. ಜಾಕೀಟಿನ ಗುಂಡಿಗಳನ್ನು ಫಕೀರವ್ವ ಹಾಕಿದಳು, ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡಿದಳು. ಊರವರಲ್ಲಿ ಕೆಲವರು ಬಾತುಕೋಳಿ ನೋಡಲೆಂದೇ ಬಂದಿದ್ದರು.

ವಿಮಾನ ಓಡಿತು. ನೀರು ಚಿಮ್ಮಿತು. ಸ್ವಲ್ಪ ದೂರದಲ್ಲಿ ಅದರ ಹೊಟ್ಟೆ ಮೇಲಕ್ಕೆ ಬಂತು, ಚಪ್ಪಟೆ ಕಲ್ಲು ನೀರಿನ ಮೇಲೆ ಜಾರಿ ಹೋಗುವಂತೆ ಜಾರಿತು. ಚಿಮ್ಮುವ ನೀರು ಸಣ್ಣದಾಯಿತು, ತೆಳುವಾಯಿತು, ಒಂದು ಗೆರೆಯಾಯಿತು. ಆಮೇಲೆ ಗೆರೆಯೂ ಇಲ್ಲ. ವಿಮಾನದ ನೆರಳು ನೀರಿನ ಮೇಲೆ ಬಿತ್ತು. ನೀರಿಗೂ ವಿಮಾನಕ್ಕೂ ನಡುವೆ ಬೆಳಕು ಕಾಣಿಸಿತು.

ಮೌಲಾಸಾಬ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. ಫಕೀರವ್ವ ನಿಂತಲ್ಲೇ ದೃಷ್ಟಿ ನಿವಾಳಿಸಿದಳು. ನಗಲು ಬಂದವರು ಹುಬ್ಬಿನ ಮೇಲೆ ಕೈಯಿಟ್ಟು ಆಕಾಶ ನೋಡಿದರು. ದುರಗಪ್ಪನಿಗೆ ಕಣ್ಣು ಮುಚ್ಚಬೇಕು ಅನಿಸಿತು. ಮುಚ್ಚಲಿಲ್ಲ. ಅವಳು ನಡುಗಡ್ಡೆಯ ಮೇಲೆ ಒಂದು ಸುತ್ತು ಹಾಕಿದ್ದನ್ನೂ, ಗಾಳಿಗೆ ಒಮ್ಮೆ ಓಲಾಡಿ ಮತ್ತೆ ನೆಟ್ಟಗಾದದ್ದನ್ನೂ, ತಿರುಗಿ ಬಂದು ಬೆಳ್ಳಕ್ಕಿಯಂತೆ ನೀರಿನ ಮೇಲೆ ಇಳಿದದ್ದನ್ನೂ ಕೊನೆಯವರೆಗೂ ನೋಡಿದ. ತಳಕ್ಕೆ ನೀರು ಬಡಿದ ಸದ್ದು ಕೇಳಿತು. ತಳ ಒಡೆಯಲಿಲ್ಲ. ಸಾಕು ಎಂದದ್ದು ಸಾಕಾಗಿತ್ತು.

ಪಕ್ಕದಲ್ಲಿ ನಿಂತ ಮುದುಕರೊಬ್ಬರು, ದುರಗಪ್ಪಾ, ಇದ್ದೊಬ್ಬ ಮಗಳನ್ನು ಆಕಾಶಕ್ಕೆ ಬಿಟ್ಟು ನಿಂತೆಯಲ್ಲ, ನಿನಗೆ ಅಂಜಿಕೆ ಆಗಲಿಲ್ಲವೇ ಎಂದು ಕೇಳಿದರು.

“ಆತರೀ ಅಜ್ಜಾ,” ಎಂದ ದುರಗಪ್ಪ. “ಅದನ್ನ ನನ್ನ ಕಡೀನ ಇಟಗೊಂಡೆ.”

ನೀತಿ: ಮಕ್ಕಳನ್ನು ಕಾಯುವುದು ಹಿರಿಯರ ಧರ್ಮ. ಆದರೆ ತಮ್ಮ ಅಂಜಿಕೆಯನ್ನು ಅವರ ಮೇಲೆ ಹೇರುವುದು ಕಾವಲಲ್ಲ, ಹೊರೆ. ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದರೆ ಅದು ಮಾತಾಗಿ ಕರಗುತ್ತದೆ. ಬಚ್ಚಿಟ್ಟು ಕೆಲಸದೊಳಗೆ ಬೆರೆಸಿದರೆ ಪ್ರೀತಿಸಿದವರನ್ನೇ ಕೆಳಗೆ ಎಳೆಯುತ್ತದೆ. ಬೇಕಾದಷ್ಟು ಗಟ್ಟಿ ಮಾಡಿ, ಇನ್ನು ಸಾಕು ಎಂದು ಕೈ ತೆಗೆಯಿರಿ. ಉಳಿದದ್ದನ್ನು ದೇವರಿಗೂ ಮಕ್ಕಳ ಕೈಗೂ ಬಿಡಿ.